ನಮ್ಮ ಅತ್ತಿಗೆ ಅಳೆದ ಹೊಲಗಳು

ನನ್ನ ಅಣ್ಣ ಲೂಷಸ್ ಮದುವೆಯಾಗಿ ಓಜೆಲಾಳನ್ನು ಮನೆಗೆ ಕರೆತಂದ ದಿನ ನಮ್ಮವ್ವ ಸೊಸೆಯ ಮುಖ ನೋಡುವ ಮೊದಲು ನಡಿಗೆ ನೋಡಿದಳು. ಈ ಹುಡುಗಿ ಗಂಡಸಿನ ಹಾಗೆ ಬೀಸುಹೆಜ್ಜೆ ಹಾಕುತ್ತಾಳಲ್ಲ ಎಂದು ನನ್ನ ಕಿವಿಯಲ್ಲಿ ಗೊಣಗಿದಳು. ಅವಳು ಹಾಗೆ ನಡೆಯುವುದಕ್ಕೆ ಕಾರಣವಿತ್ತು. ಅವಳಪ್ಪ ಮೂವತ್ತು ವರ್ಷ ಸರ್ವೆಯವನೊಬ್ಬನ ಹಿಂದೆ ಚೈನು ಹೊತ್ತವನು. ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದವನು ಬಿಳಿಯ ಸರ್ವೆಯವನು. ಮುಳ್ಳು, ಜೌಗು, ಹಾವು ಲೆಕ್ಕಿಸದೆ ಚೈನು ಎಳೆಯುತ್ತಿದ್ದವನು ಇವಳಪ್ಪ. ಅವನಿಗೆ ಗಂಡುಮಕ್ಕಳಿರಲಿಲ್ಲ. ಕಲಿತದ್ದನ್ನೆಲ್ಲ ಮಗಳಿಗೇ ಕಲಿಸಿದ. ಚೈನೆಂದರೆ ಅರವತ್ತಾರು ಅಡಿ. ಒಂದು ಚೈನು ಅಗಲ, ಹತ್ತು ಚೈನು ಉದ್ದ ಇದ್ದರೆ ಒಂದು ಎಕರೆ. ಹೊಲ ಎಷ್ಟೇ ಡೊಂಕಾಗಿರಲಿ, ಮುಕ್ಕೋನಗಳಾಗಿ ಒಡೆದರೆ ಲೆಕ್ಕಕ್ಕೆ ಬಾರದೆ ಎಲ್ಲಿಗೆ ಹೋದೀತು? ಹನ್ನೆರಡು ತುಂಬುವ ಹೊತ್ತಿಗೆ ಓಜೆಲಾ ಇಪ್ಪತ್ತನಾಲ್ಕು ಹೆಜ್ಜೆಗೆ ಸರಿಯಾಗಿ ಒಂದು ಚೈನು ನಡೆಯುತ್ತಿದ್ದಳಂತೆ. ನಮ್ಮ ಮನೆಗೆ ಬಂದ ಮೇಲೂ ಬಾವಿಯಿಂದ ಅಡುಗೆಮನೆಗೆ ಎಷ್ಟು, ಅಡುಗೆಮನೆಯಿಂದ ಕೋಳಿಗೂಡಿಗೆ ಎಷ್ಟು ಎಂದು ಕೇಳಿದರೆ ಸಾಕು, ಬಾಯಿತುದಿಯಲ್ಲೇ ಇರುತ್ತಿತ್ತು.

ನಾನು ವರ್ಡೆಲ್. ಗಂಡ ತೀರಿಕೊಂಡ ಮೇಲೆ ಅಣ್ಣನ ಹೊಲದ ಅಂಚಿನಲ್ಲೇ ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದೆ. ಅತ್ತಿಗೆಗೂ ನನಗೂ ಮಾತಿಗೆ ಮಾತು ಬೆಳೆಯದ ದಿನವಿರಲಿಲ್ಲ, ಒಬ್ಬರನ್ನು ಬಿಟ್ಟು ಒಬ್ಬರು ಉಂಡ ದಿನವೂ ಇರಲಿಲ್ಲ.

ಓಕಾಟಿ ಕೌಂಟಿಯಲ್ಲಿ ನಮ್ಮದು ಮೂವತ್ತೆರಡು ಎಕರೆ ಎರೆಭೂಮಿ. ನಮ್ಮ ತಾತ ಒಂದೊಂದು ತುಂಡಾಗಿ ಕೊಂಡು ಕೂಡಿಸಿದ್ದು. ಅಲಬಾಮಾದ ಆ ಕಪ್ಪು ಮಣ್ಣಿಗೆ ಹತ್ತಿ ಬಿಟ್ಟರೆ ಬೇರೆ ಹೇಳಿಮಾಡಿಸಿದ ಬೆಳೆ ಇಲ್ಲ. ಆದರೆ ಎಷ್ಟು ಬೇಕಾದರೂ ಬಿತ್ತುವ ಹಾಗಿರಲಿಲ್ಲ. ಇಂಥ ಹೊಲಕ್ಕೆ ಇಷ್ಟು ಹತ್ತಿ ಎಂದು ಸರ್ಕಾರ ಗೊತ್ತುಮಾಡುತ್ತಿತ್ತು. ಅದರೊಳಗೆ ಬಿತ್ತಿದವನಿಗೆ ವಾಷಿಂಗ್ಟನ್ನಿನಿಂದ ಸಹಾಯಧನದ ಚೆಕ್ಕು ಬರುತ್ತಿತ್ತು. ಒಂದು ಗುಂಟೆ ಮೀರಿದರೂ ಚೆಕ್ಕಿಲ್ಲ. ಮೀರಿಲ್ಲವೆಂದು ನೋಡುವುದಕ್ಕೆ ಪ್ರತಿ ಬೇಸಗೆಯಲ್ಲೂ ಕೌಂಟಿಯ ಬೇಸಾಯದ ಆಫೀಸಿನಿಂದ ಒಬ್ಬ ಅಳತೆಯವನು ಬರುತ್ತಿದ್ದ. ಅವನು ಹೋದ ಎರಡು ವಾರಕ್ಕೆ ಕಾಗದಗಳು ಬರುತ್ತಿದ್ದವು: ನೀನು ಇಷ್ಟು ಹೆಚ್ಚು ಬಿತ್ತಿದ್ದೀಯ, ಹದಿನೈದು ದಿನದೊಳಗೆ ಅಷ್ಟನ್ನೂ ಉತ್ತು ಹಾಕು. ಹೂಬಿಟ್ಟು ನಿಂತ ಹತ್ತಿಯನ್ನು ಬೆಳೆದವನೇ ನೇಗಿಲಿಗೆ ಕೊಡಬೇಕು. ವಿಚಿತ್ರವೆಂದರೆ ಹೀಗೆ ಹಿಗ್ಗುತ್ತಿದ್ದವು ಕರಿಯರ ಹೊಲಗಳು ಮಾತ್ರ. ಬಿಳಿಯರ ಹೊಲಗಳು ಕಾಗದದಲ್ಲಿ ಎಷ್ಟಿದ್ದವೋ ಅಷ್ಟೇ ಇರುತ್ತಿದ್ದವು.

ಸಾವಿರದ ಒಂಬೈನೂರ ಅರವತ್ತಾರರ ಜುಲೈನಲ್ಲಿ ನಮ್ಮ ಮನೆಗೂ ಕಾಗದ ಬಂತು. ನಮಗೆ ಗೊತ್ತುಮಾಡಿದ್ದು ಆರು ಎಕರೆ ಎಂಟು ಗುಂಟೆ. ಅಳತೆಯವನು ಬರೆದದ್ದು ಏಳು ಎಕರೆ ಹದಿನಾರು ಗುಂಟೆ. ಆ ವರ್ಷದಿಂದ ಹೊಸ ಕಾನೂನು ಬಂದು ಸಹಾಯಧನ ಹೆಚ್ಚಾಗಿತ್ತು. ಆದ್ದರಿಂದ ಕಳೆದುಕೊಳ್ಳುವುದೂ ಹೆಚ್ಚೇ ಇತ್ತು.

ಲೂಷಸಣ್ಣ ಒಳ್ಳೆಯವನು, ಆದರೆ ಆಫೀಸೆಂದರೆ ಅವನ ನಾಲಿಗೆ ಒಣಗುತ್ತಿತ್ತು. ಮುದ್ರೆಯೊತ್ತಿದ ಕಾಗದ ಕಂಡರೆ ಟೋಪಿ ತೆಗೆಯುವ ಪೈಕಿ. ಮರುದಿನ ಬೆಳಿಗ್ಗೆಯೇ ಹೇಸರಗತ್ತೆಗೆ ನೇಗಿಲು ಹೂಡಿ ಹೊಲದ ತಲೆಗೆ ತಂದ. ಅತ್ತಿಗೆ ಮಜ್ಜಿಗೆ ಕಡೆಯುವುದನ್ನು ಬಿಟ್ಟು ಓಡಿಹೋಗಿ ಸಾಲಿನ ನಡುವೆ ನಿಂತಳು. ನಾನೂ ಹಿಂದೆಯೇ ಹೋದೆ. ಹೂವುಗಳು ಸೊಂಟದೆತ್ತರಕ್ಕಿದ್ದವು, ಅಂದು ಅರಳಿದವು ಬಿಳಿ, ಹಿಂದಿನ ದಿನ ಅರಳಿದವು ಕೆಂಪು.

"ಓಜಿ, ದಾರಿ ಬಿಡು," ಎಂದ ಅಣ್ಣ. "ಹದಿನೈದು ದಿನ ಅಂತ ಬರದವ್ರೆ."

"ಹದಿನೈದು ದಿನ ಕೊಟ್ಟವ್ರಲ್ಲ, ಇವತ್ತೇ ಏನು ಅವಸರ? ಒಂದಿನ ನನಗೆ ಬಿಡು."

"ಒಂದಿನದಾಗೆ ಏನ್ ಮಾಡ್ತೀಯ?"

"ಅಳೀತೀನಿ."

"ಆಫೀಸಿನವ್ರು ಅಳದಾಗೈತಲ್ಲೇ."

"ಆ ಡ್ವೇನ್ ಟ್ರಕ್ಕಿಂದ ಕೆಳಕ್ಕೆ ಇಳಿದಿದ್ದನ್ನ ನೀನು ಕಂಡ್ಯಾ?"

ಅಳತೆಗೆ ಬಂದ ಡ್ವೇನ್ ಟ್ರಕ್ಕಿನಲ್ಲೇ ಕೂತು, ಕಿಟಕಿಯಿಂದ ಮೊಣಕೈ ಹೊರಗೆ ಹಾಕಿ, ಮಡಿಲಲ್ಲಿ ಏನೋ ಗೀಚಿಕೊಂಡು ಹೋದದ್ದನ್ನು ನಾವು ಮೂವರೂ ನೋಡಿದ್ದೆವು. ಅವನು ಸ್ಟೋವಲ್ ದಣಿಯ ತಂಗಿಯ ಮಗ. ಸ್ಟೋವಲ್‌ಗೆ ಎಂಟುನೂರು ಎಕರೆಯಿತ್ತು, ಬೇಸಾಯದ ಸಮಿತಿಯಲ್ಲಿ ಕುರ್ಚಿಯೂ ಇತ್ತು. ಅಣ್ಣ ಹೇಸರಗತ್ತೆಯ ಕುತ್ತಿಗೆ ಸವರಿ, ಅದನ್ನು ಹಿಂದಕ್ಕೆ ತಿರುಗಿಸಿದ.

ಅತ್ತಿಗೆ ಬೇಲಿಯ ತಂತಿ ಬಿಚ್ಚಿ ತಂದಳು. ಬಡಗಿಯ ಅಡಿಕೋಲಿನಿಂದ ಮೂರು ಸಲ ಅಳೆದು ಅರವತ್ತಾರು ಅಡಿಗೆ ಕತ್ತರಿಸಿದಳು; ನಡುನಡುವೆ ಗುರುತಿಗೆ ತಗಡಿನ ಚೂರು ಸುತ್ತಿದಳು. ಒಂದು ತುದಿ ಅವಳ ಕೈಗೆ, ಇನ್ನೊಂದು ನನ್ನ ಕೈಗೆ. ಆ ದಿನದ ಬಿಸಿಲು ನನಗೆ ಇನ್ನೂ ಬೆನ್ನಮೇಲಿದೆ. ತಂತಿ ಒಂದು ಬೆರಳಷ್ಟು ಸಡಿಲವಾದರೂ ಅಲ್ಲಿಂದಲೇ ಕೂಗುತ್ತಿದ್ದಳು. ನೆಟ್ಟಗೆ ಹಿಡಿ, ನೀನು ಬಟ್ಟೆ ಒಣಗಿಹಾಕುವ ಹಗ್ಗ ಹಿಡಿದಿಲ್ಲ ಎನ್ನುತ್ತಿದ್ದಳು. ನಾನೂ ಸುಮ್ಮನಿರಲಿಲ್ಲ, ನಿನ್ನಪ್ಪ ನಿನಗೆ ಕಲಿಸಿದ್ದು ಅಳತೆಯೋ ದಬ್ಬಾಳಿಕೆಯೋ ಎಂದು ಕೇಳಿದೆ. ಹೊಲವನ್ನು ಐದು ಮುಕ್ಕೋನ ಮಾಡಿ, ಹಿಟ್ಟಿನ ಚೀಲದ ಕಾಗದದ ಮೇಲೆ ಲೆಕ್ಕ ಹಾಕಿದಳು. ಆರು ಎಕರೆ ನಾಲ್ಕು ಗುಂಟೆ ಬಂತು. ಮತ್ತೆ ಅಳೆದೆವು; ಅಷ್ಟೇ. ಮೂರನೆಯ ಸಲ ದಿಕ್ಕು ಬದಲಾಯಿಸಿ ಅಳೆದೆವು, ಆಗಲೂ ಅಷ್ಟೇ. ಮೀರಿಲ್ಲ ಎಂಬುದಿರಲಿ, ಇನ್ನೂ ನಾಲ್ಕು ಗುಂಟೆ ಬಿತ್ತಬಹುದಿತ್ತು.

ಊಟಕ್ಕೆ ಕೂತಾಗ ಅವಳು ಆಫೀಸಿನ ಕಾಗದವನ್ನು ಮತ್ತೊಮ್ಮೆ ಓದಿದಳು. ಓದಿ ಮುಗಿಸಿ, ಹಿಂದಕ್ಕೆ ತಿರುಗಿಸಿದಳು. ಇಷ್ಟು ವರ್ಷ ನಮ್ಮ ಕಡೆ ಯಾರೂ ಆ ಕೆಲಸ ಮಾಡಿರಲಿಲ್ಲ. ಮುಂದಿನದನ್ನು ಓದಿದ ಮೇಲೆ ಹಿಂದಿನದನ್ನು ಓದುವ ಮನಸ್ಸು ಯಾರಿಗೆ ಉಳಿದೀತು? ಅಲ್ಲಿ ಇರುವೆಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: ಅಳತೆ ತಪ್ಪೆಂದು ತೋರಿದರೆ ರೈತನು ಹನ್ನೆರಡು ಡಾಲರ್ ಠೇವಣಿಯಿಟ್ಟು ಮರು ಅಳತೆ ಕೇಳಬಹುದು, ಅಳೆಯುವಾಗ ತಾನೂ ಜೊತೆಗಿರಬಹುದು, ತಪ್ಪು ಕಂಡುಬಂದರೆ ಠೇವಣಿ ವಾಪಸು. ಅವಳು ಅದನ್ನು ಜೋರಾಗಿ ಎರಡು ಸಲ ಓದಿದಳು. ಅಣ್ಣ ಕೈಯಲ್ಲಿದ್ದ ಮೆಕ್ಕೆಜೋಳದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು, ಹಾಗಂತ ನಿಜವಾಗಿಯೂ ಬರೆದಿದೆಯೇ ಎಂದು ಕೇಳಿದ.

ಮರುದಿನ ಮೊಟ್ಟೆ ಮಾರಿದ ಹಣವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅತ್ತಿಗೆ ಹೊರಟಳು, ಜೊತೆಗೆ ನಾನು. ಆಫೀಸಿನ ಬೆಂಚಿನ ಮೇಲೆ ಎಂಟು ಗಂಟೆಗೆ ಕೂತವರನ್ನು ಮಧ್ಯಾಹ್ನ ಒಂದಕ್ಕೆ ಕರೆದರು. ನಮ್ಮ ನಂತರ ಬಂದ ಬಿಳಿಯರೆಲ್ಲ ಕೆಲಸ ಮುಗಿಸಿಕೊಂಡು ಹೋಗಿದ್ದರು. ಮ್ಯಾನೇಜರ್ ಪೀವಿ ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ನಾಲ್ಕು ಪೆನ್ಸಿಲ್. ಅವನು ಅತ್ತಿಗೆಯನ್ನು ನೋಡದೆಯೇ ಮಾತಾಡಿದ.

"ಓಜೆಲಾ, ನಿನ್ನ ಗಂಡ ಎಲ್ಲಿ?"

"ಹೊಲದಾಗವ್ನೆ ಸರ್. ಹೊಲ ಇಬ್ಬರ ಹೆಸರಿನಾಗೂ ಐತೆ. ಮರು ಅಳತೆ ಕೇಳಾಕೆ ಬಂದಿವ್ನಿ."

"ಅಳತೆ ಆಗಿಹೋಗಿದೆ. ಮನೆಗೆ ಹೋಗಿ ಉಳೋದಕ್ಕೆ ಹೇಳು."

ಅತ್ತಿಗೆ ಕಾಗದದ ಹಿಂಬದಿಯನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ಹನ್ನೆರಡು ಡಾಲರನ್ನು ಒಂದೊಂದಾಗಿ ಬಿಡಿಸಿಟ್ಟಳು. ಪೀವಿ ಆಗ ತಲೆಯೆತ್ತಿದ.

"ಅಳತೆ ಸರಿ ಅಂತಾದರೆ ಈ ದುಡ್ಡು ಹೋಗುತ್ತೆ, ಗೊತ್ತು ತಾನೆ?"

"ತಪ್ಪು ಅಂತಾದ್ರೆ ವಾಪಸ್ ಬರುತ್ತೆ ಅಂತಾನೂ ಬರದೈತೆ ಸರ್. ಒಂದು ರಸೀದಿ ಕೊಟ್ಬಿಡಿ."

ಪೀವಿ ಆ ಕಾಗದವನ್ನು ತನ್ನದೇ ಆಫೀಸಿನದಲ್ಲವೇನೋ ಎಂಬಂತೆ ಓದಿದ. ಆಮೇಲೆ ಪೆನ್ಸಿಲ್ ತೆಗೆದು ರಸೀದಿ ಬರೆದುಕೊಟ್ಟ.

ಹದಿನೈದರಲ್ಲಿ ಒಂಬತ್ತು ದಿನ ಕಳೆದ ಮೇಲೆ ಅವನು ತಾನೇ ಬಂದ. ಜೊತೆಗೆ ಡ್ವೇನ್, ಸರ್ಕಾರದ ಉಕ್ಕಿನ ಟೇಪು, ಹಲಗೆಗೆ ಸಿಕ್ಕಿಸಿದ ದೊಡ್ಡ ಫೋಟೋ. ವಿಮಾನದಿಂದ ತೆಗೆದ ನಮ್ಮ ಹೊಲದ ಫೋಟೋ ಅದು. ಹತ್ತಿಯಿದ್ದ ಜಾಗವನ್ನು ಡ್ವೇನ್ ಅದರ ಮೇಲೆ ಕೆಂಪು ಗೆರೆಯಿಂದ ಸುತ್ತುಗಟ್ಟಿದ್ದ. ಅಕ್ಕಪಕ್ಕದ ಹೊಲಗಳವರು ಏನೋ ನೆಪ ಮಾಡಿಕೊಂಡು ಬೇಲಿಯ ಬಳಿ ನಿಂತಿದ್ದರು. ಅಣ್ಣ ಮಾತ್ರ ದೂರದಲ್ಲಿ ಹೇಸರಗತ್ತೆಯ ಹಗ್ಗ ಹಿಡಿದು ನಿಂತಿದ್ದ, ಅದು ಬಿಟ್ಟರೆ ಓಡಿಹೋಗುತ್ತದೆ ಎಂಬಂತೆ.

ಅತ್ತಿಗೆ ಫೋಟೋ ತೋರಿಸಿ ಎಂದು ಕೇಳಿದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೊಲದ ಬಡಗಣ ಮೂಲೆಗೆ ನಡೆದಳು. ಪೀವಿ ಅವಳ ಹಿಂದೆ, ಡ್ವೇನ್ ಪೀವಿಯ ಹಿಂದೆ. ಅಲ್ಲಿ ಸೀಡರ್ ಮರದ ಕೆಳಗೆ ನಮ್ಮವರ ಗೋರಿಗಳಿವೆ. ತಾತ, ಅಜ್ಜಿ, ಅಪ್ಪ, ಅವ್ವ, ನನ್ನ ಎಳೆಗೂಸು ಒಂದು.

"ಮಿಸ್ಟರ್ ಪೀವಿ, ನಿಮ್ಮ ಕೆಂಪು ಗೆರೆ ಇದನ್ನ ಸುತ್ತಿಕೊಂಡು ಹೋಗೈತೆ," ಎಂದಳು ಅತ್ತಿಗೆ. "ನಮ್ಮ ಅತ್ತೆ ಮಾವನ ಗೋರಿ ಮ್ಯಾಲೆ ಎಲ್ಲಿ ಹತ್ತಿ ಬೆಳದೈತೆ, ಒಂದೀಟು ತೋರಿಸಿಕೊಡಿ. ನಾನು ಈಗ್ಲೇ ಉತ್ತು ಹಾಕಿಸಿಬಿಡ್ತೀನಿ."

ಬೇಲಿಯ ಬಳಿ ಯಾರೋ ಕೆಮ್ಮಿದರು. ನಾನು ನಕ್ಕೆ, ತಡೆಯಲಾಗಲಿಲ್ಲ. ಪೀವಿ ಡ್ವೇನ್‌ನನ್ನು ನೋಡಿದ, ಡ್ವೇನ್ ತನ್ನ ಬೂಟು ನೋಡಿಕೊಂಡ. ಪೀವಿಯ ಬಗ್ಗೆ ಇದೊಂದು ಮಾತು ಹೇಳಲೇಬೇಕು: ಅವನು ನಮ್ಮ ಸ್ನೇಹಿತನಲ್ಲ, ಆದರೆ ತಪ್ಪು ಲೆಕ್ಕ ಅವನ ಹೊಟ್ಟೆಯಲ್ಲಿ ಅರಗುತ್ತಿರಲಿಲ್ಲ. ಕುತ್ತಿಗೆ ಕೆಂಪಾಯಿತು. ಫೋಟೋವನ್ನು ಡ್ವೇನ್ ಕೈಗೆ ಕೊಟ್ಟು, ಟೇಪಿನ ತುದಿ ಹಿಡಿ ಎಂದ. ಗೋರಿಗಳ ಜಾಗ ಎಂಟು ಗುಂಟೆ ಬಂತು. ಕಾಡು ಪ್ಲಮ್ ಗಿಡಗಳು ತುಂಬಿದ್ದ ಕೊರಕಲನ್ನೂ ಹತ್ತಿಯೆಂದು ಸೇರಿಸಿದ್ದರು. ಅದು ಇಪ್ಪತ್ತು ಗುಂಟೆ. ಹೇಸರಗತ್ತೆ ತಿರುಗಿಸಲು ಸುತ್ತಲೂ ಬಿಟ್ಟ ಬದುವಿನ ದಾರಿ ಇಪ್ಪತ್ತನಾಲ್ಕು. ಒಟ್ಟು ಒಂದು ಎಕರೆ ಹನ್ನೆರಡು ಗುಂಟೆ ನೆಲ ಹತ್ತಿಯನ್ನೇ ಕಾಣದೆ ಹತ್ತಿಯ ಲೆಕ್ಕಕ್ಕೆ ಹೋಗಿತ್ತು.

ಮೂರು ಗಂಟೆ ಹೊತ್ತು ಅಳೆದರು. ಅತ್ತಿಗೆ ಜೊತೆಜೊತೆಗೇ ನಡೆದಳು. ಪೀವಿ ಟ್ರಕ್ಕಿನ ಮೂತಿಯ ಮೇಲೆ ಕಾಗದವಿಟ್ಟು ಕೂಡಿ ಕಳೆದು, ಆರು ಎಕರೆ ನಾಲ್ಕು ಗುಂಟೆ ಎಂದ. ಆಗ ಅವಳು ಏಪ್ರನ್ನಿನ ಜೇಬಿನಿಂದ ಹಿಟ್ಟಿನ ಚೀಲದ ಕಾಗದ ತೆಗೆದು ಅವನ ಲೆಕ್ಕದ ಪಕ್ಕದಲ್ಲಿ ಹರಡಿದಳು. ಅದೇ ಆರು, ಅದೇ ನಾಲ್ಕು.

"ಇದನ್ನ ಯಾರು ಅಳೆದದ್ದು?" ಎಂದ ಪೀವಿ.

"ನಾನೂ ನನ್ನ ನಾದಿನೀನೂ."

"ಯಾತರಿಂದ?"

ನಾನು ಬೇಲಿಗೆ ನೇತುಹಾಕಿದ್ದ ತಂತಿಯನ್ನು ತಂದು ತೋರಿಸಿದೆ. ಪೀವಿ ಅದನ್ನು ಸರ್ಕಾರದ ಟೇಪಿನ ಪಕ್ಕದಲ್ಲಿ ಎಳೆದು ನೋಡಿದ. ಹೊರಡುವ ಮುನ್ನ ಹನ್ನೆರಡು ಡಾಲರನ್ನು ತನ್ನ ಕೈಯಾರೆ ಅತ್ತಿಗೆಯ ಕೈಗೆ ಕೊಟ್ಟ.

ಟ್ರಕ್ಕು ಕಣ್ಮರೆಯಾದ ಮೇಲೆ ಅಣ್ಣ ಹೇಸರಗತ್ತೆಯ ಹಗ್ಗ ಬಿಟ್ಟ. ಅದು ಎಲ್ಲಿಗೂ ಓಡಲಿಲ್ಲ, ನಿಂತಲ್ಲೇ ಹುಲ್ಲು ಮೇಯತೊಡಗಿತು. ಅಣ್ಣ ಸೀಡರ್ ಮರದ ಕೆಳಗೆ ಹೋಗಿ, ಟೋಪಿ ತೆಗೆದು, ನಿಮ್ಮ ಮೇಲೆ ಹತ್ತಿ ಇಲ್ಲವಂತೆ ಎಂದು ಅಪ್ಪ ಅವ್ವನಿಗೆ ವರದಿ ಒಪ್ಪಿಸಿ ಬಂದ.

ಆ ಭಾನುವಾರ ಚರ್ಚಿನ ಅಂಗಳದಲ್ಲಿ ಟೋಪಿಗಳ ಒಳಗಿಂದ, ಬೈಬಲ್ಲುಗಳ ನಡುವಿನಿಂದ ಕಾಗದಗಳು ಹೊರಬಂದವು. ಒಟ್ಟು ಹನ್ನೊಂದು. ಹದಿನೈದು ದಿನದ ಗಡುವಿನಲ್ಲಿ ನಮಗೆ ಉಳಿದದ್ದು ಐದೇ ದಿನ. ಬೆಳಕು ಹರಿಯುವಾಗ ಹೊರಟರೆ ದಿನಕ್ಕೆ ಎರಡು ಹೊಲ, ಒಮ್ಮೊಮ್ಮೆ ಮೂರು. ಅಳೆದ ಮನೆಗಳಲ್ಲಿ ಹುರಿದ ಕೋಳಿ, ಸೊಪ್ಪು, ಗೆಣಸಿನ ಸಿಹಿ ಕಡುಬು. ನಾನು ದಪ್ಪಗಾದೆ, ಅತ್ತಿಗೆ ಇನ್ನೂ ಸಣ್ಣಗಾದಳು. ಅವಳಿಗೆ ಉಣ್ಣಲು ಪುರುಸೊತ್ತಿರಲಿಲ್ಲ.

ನಮ್ಮ ಚರ್ಚಿನ ಡೀಕನ್ ಹೊಸಿಯಾನದು ಮಾತ್ರ ತಡವಾಗಿಹೋಗಿತ್ತು. ಎಪ್ಪತ್ತು ದಾಟಿದ ಆ ಹಿರಿಯ ಕಾಗದ ಬಂದ ದಿನವೇ ಒಂದೂವರೆ ಎಕರೆ ಉತ್ತು ಹಾಕಿದ್ದ. ಆದರೂ ಅಳೆದುಬಿಡು ಮಗಳೇ ಎಂದ. ಬಾಡಿದ ಗಿಡಗಳು ಮಣ್ಣಿನೊಳಗಿಂದ ಚಾಚಿಕೊಂಡಿದ್ದ ಆ ನೆಲವನ್ನೂ ನಾವು ಅಳೆದೆವು. ಉಳುವ ಮೊದಲೂ ಅವನು ಒಂದು ಗುಂಟೆ ಕೂಡ ಮೀರಿರಲಿಲ್ಲ. ಎಷ್ಟು ವರ್ಷದಿಂದ ಹೀಗೆ ಉಳುತ್ತಿದ್ದೀರಿ ಎಂದು ಅತ್ತಿಗೆ ಕೇಳಿದಳು. ಅವನು ಬೆರಳು ಮಡಿಚತೊಡಗಿ, ಒಂದು ಕೈ ಮುಗಿದ ಮೇಲೆ ನಿಲ್ಲಿಸಿದ. ಆ ಹತ್ತಿಯನ್ನು ಯಾರೂ ವಾಪಸು ಕೊಡಲಿಲ್ಲ. ಆದರೆ ಉಳಿದ ಹತ್ತು ಮನೆಯವರೂ ಠೇವಣಿಯಿಟ್ಟು ಮರು ಅಳತೆ ಕೇಳಿದರು; ಅವುಗಳಲ್ಲಿ ಎಂಟು ಹೊಲಗಳ ಅಳತೆ ತಪ್ಪೆಂದು ಪೀವಿಯ ಟೇಪೇ ಹೇಳಿತು. ಎಂಟು ಹೊಲಗಳಲ್ಲಿ ಹೂವು ಕಾಯಾಗಿ, ಕಾಯಿ ಒಡೆದು ಬೆಳ್ಳಗಾಯಿತು. ಆ ವರ್ಷ ಬಿಡಿಸಿದ ಹಾಗೆ ನಾವು ಹತ್ತಿ ಬಿಡಿಸಿದ್ದು ನನಗೆ ನೆನಪಿಲ್ಲ.

ಹತ್ತಿರದ ಜಿನ್ನಿನವನು ಓಜೆಲಾಳ ಹತ್ತಿಯ ಬೀಜ ತೆಗೆಯಲು ತನಗೆ ಬಿಡುವಿಲ್ಲವೆಂದ. ಅದು ಸ್ಟೋವಲ್‌ನ ಮಾತೆಂದು ಎಲ್ಲರಿಗೂ ಗೊತ್ತಿತ್ತು. ಅಣ್ಣ ಅದನ್ನು ಹೇರಿಕೊಂಡು ಪಕ್ಕದ ಕೌಂಟಿಗೆ ಇಪ್ಪತ್ತಾರು ಮೈಲಿ ಹೋಗಿಬಂದ. ಬಂದವನು ಹೆದರಿರುತ್ತಾನೆ ಎಂದುಕೊಂಡೆ. ಅಲ್ಲಿ ತೂಕ ಚೆನ್ನಾಗಿ ಕೊಡುತ್ತಾರೆ ಎಂದಷ್ಟೇ ಹೇಳಿದ. ಅಷ್ಟರಲ್ಲಿ ಸಹಾಯಧನದ ಚೆಕ್ಕೂ ಬಂದಿತ್ತು. ಅದರ ಮೇಲೆ ಇಬ್ಬರ ಹೆಸರೂ ಇತ್ತು.

ಆ ಸೆಪ್ಟೆಂಬರಿನಲ್ಲಿ ಬೇಸಾಯದ ಸಮಿತಿಯ ಚುನಾವಣೆ. ಹೊಲದ ಅಳತೆ, ಸಹಾಯಧನ, ಅಳತೆಯವರ ನೇಮಕ ಎಲ್ಲವೂ ಆ ಸಮಿತಿಯ ಕೈಲಿ. ಮೂರು ಕುರ್ಚಿ. ಹೊಲ ಮಾಡುವ ಯಾರು ಬೇಕಾದರೂ ಮತ ಹಾಕಬಹುದಿತ್ತು, ಚೀಟಿ ಅಂಚೆಯಲ್ಲೇ ಬರುತ್ತಿತ್ತು. ಆದರೆ ಆ ಚೀಟಿಯಲ್ಲಿ ಎಂದೂ ನಮ್ಮವರ ಹೆಸರಿರುತ್ತಿರಲಿಲ್ಲವಾದ್ದರಿಂದ ನಾವು ಅದರಿಂದ ಒಲೆ ಹೊತ್ತಿಸುತ್ತಿದ್ದೆವು. ಆರು ಜನರ ಸಹಿಯಿದ್ದರೆ ಹೆಸರು ಸೇರಿಸಬೇಕು ಎಂಬುದನ್ನು ಅತ್ತಿಗೆ ಇನ್ನೊಂದು ಕಾಗದದ ಹಿಂಬದಿಯಲ್ಲಿ ಓದಿದಳು. ಎಂಟು ಹೊಲದವರ ಜೊತೆ ಹೊಸಿಯಾನೂ ಸಹಿ ಹಾಕಿದ. ಅವನದು ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ.

ಚೀಟಿ ಬಂದಾಗ ನೋಡುತ್ತೇವೆ, ಓಜೆಲಾಳ ಹೆಸರಿನ ಕೆಳಗೆ ಇನ್ನೂ ಐದು ಜನ ಕರಿಯರ ಹೆಸರಿದೆ. ಅವರನ್ನು ಯಾರೂ ಕೇಳಿರಲಿಲ್ಲ. ಸ್ಟೋವಲ್‌ನ ಸಮಿತಿಯೇ ಸೇರಿಸಿತ್ತು, ನಮ್ಮ ಮತಗಳು ಆರು ದಿಕ್ಕಿಗೆ ಚೆಲ್ಲಿಹೋಗಲಿ ಎಂದು. ಐದರಲ್ಲಿ ಒಂದು ಹೆಸರು ಲೂಷಸ್ ಬ್ರಾಡ್ನಾಕ್ಸ್.

ಅಣ್ಣ ಚೀಟಿಯನ್ನು ಕೈಯಲ್ಲಿ ಹಿಡಿದು ಕೂತಿದ್ದ. ಅತ್ತಿಗೆ ಅವನನ್ನು ಕೆಣಕಿದಳು.

"ಏನಪ್ಪಾ, ನನ್ನೆದುರಿಗೇ ನಿಂತುಬಿಟ್ಟೆ? ಊಟ ಇನ್ನು ವರ್ಡೆಲ್ ಮನೇಲೇ ಮಾಡ್ಕೊ."

ಅಣ್ಣ ನಗಲಿಲ್ಲ. ಎದ್ದು ಕೋಟು ಇಸ್ತ್ರಿ ಮಾಡು ಎಂದ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ಯಾರೂ ಏಳುವ ಮುನ್ನ, ಅಣ್ಣ ಎದ್ದು ಮುಂದಕ್ಕೆ ಹೋದ. ನಲವತ್ತೆಂಟು ವರ್ಷದಲ್ಲಿ ಅವನು ನಾಲ್ಕು ಜನರೆದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಟೋಪಿಯನ್ನು ಎರಡು ಕೈಯಲ್ಲೂ ತಿರುಗಿಸುತ್ತಾ ನಿಂತ.

"ಚೀಟಿನಾಗೆ ನನ್ನ ಹೆಸರು ಐತೆ," ಎಂದ. "ನಾನು ಹಾಕಿಸಿದ್ದಲ್ಲ. ಜುಲೈನಾಗೆ ಒಂದು ಕಾಗದ ಬಂದಿದ್ದಕ್ಕೆ ನಾನು ಹತ್ತಿ ಉಳಾಕೆ ಹೋದೆ. ಹೇಸರಗತ್ತೆ ಎರಡು ಸಲ ನಿಂತ್ಕೊಂತು, ಬ್ಯಾಡ ಅಂತು. ಅದಕ್ಕಿರೋ ಬುದ್ಧಿ ನನಗಿರ್ಲಿಲ್ಲ. ಬುದ್ಧಿ ಇದ್ದೋಳು ನಮ್ಮ ಓಜಿ. ನನಗೆ ವೋಟು ಹಾಕೋರು ಇದ್ರೆ ಆ ಹೇಸರಗತ್ತೆಗೇ ಹಾಕಿ, ಅದರಿಂದ ಏನಾದ್ರೂ ಪ್ರಯೋಜನ ಐತೆ."

ಚರ್ಚೇ ಅಲ್ಲಾಡುವ ಹಾಗೆ ನಕ್ಕರು. ನಗು ಅಡಗುವ ಮೊದಲೇ ಚೀಟಿಯಲ್ಲಿದ್ದ ಎರಡನೆಯವನು ಎದ್ದ, ಆಮೇಲೆ ಮೂರನೆಯವನು. ಐವರೂ ಸಾಲಾಗಿ ನಿಂತು, ನಮಗೆ ಹಾಕಬೇಡಿ ಎಂದು ಕೇಳಿಕೊಂಡರು. ಅತ್ತಿಗೆ ಕಣ್ಣೊರೆಸಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದೆ ಎಂದು ಅವಳಿಗೆ ಗೊತ್ತಾಗದಿರಲೆಂದು ಕಿಟಕಿಯ ಕಡೆ ತಿರುಗಿದೆ.

ಮತ ಎಣಿಕೆ ಆಫೀಸಿನಲ್ಲಿ, ಯಾರು ಬೇಕಾದರೂ ನೋಡಬಹುದು ಎಂಬ ನಿಯಮ. ನಾವು ನಲವತ್ತು ಜನ ನೋಡಲು ಹೋದೆವು. ಬೆಂಚು ಸಾಲದೆ ಗೋಡೆಗೊರಗಿ ನಿಂತೆವು. ಪೀವಿ ಒಂದೊಂದೇ ಚೀಟಿ ಬಿಡಿಸಿ ಓದಿದ. ಇನ್ನೂರ ಹದಿನಾಲ್ಕು ಚೀಟಿಗಳಲ್ಲಿ ಓಜೆಲಾಳಿಗೆ ನೂರ ಇಪ್ಪತ್ತೊಂದು. ಅಷ್ಟು ಮತ ಸ್ಟೋವಲ್‌ಗೂ ಬರಲಿಲ್ಲ. ಅವನು ಎರಡನೆಯವನಾಗಿ ಕುರ್ಚಿ ಉಳಿಸಿಕೊಂಡ. ಅಣ್ಣನಿಗೆ ಒಂದು ಮತ ಬಿದ್ದಿತ್ತು. ಅದು ತನ್ನದಲ್ಲವೆಂದು ಅವನು ಬೈಬಲ್ ಮುಟ್ಟಿ ಹೇಳಿದ. ಹಾಗಾದರೆ ಹೇಸರಗತ್ತೆಯೇ ಹಾಕಿರಬೇಕು ಎಂದಳು ಅತ್ತಿಗೆ.

ಮುಂದೆ ಹತ್ತೊಂಬತ್ತು ವರ್ಷ ಅವಳು ಆ ಕುರ್ಚಿಯಲ್ಲಿ ಕೂತಳು. ಅಳತೆಯವರನ್ನು ಟ್ರಕ್ಕಿನಿಂದ ಇಳಿಸಿದಳು. ಮುಂದಿನ ಬೇಸಗೆಗೇ ಅಳೆಯುವವರಲ್ಲಿ ನಮ್ಮವರು ಇಬ್ಬರಿದ್ದರು. ಅದನ್ನೆಲ್ಲ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಮೊದಲ ಚಳಿಗಾಲದ ಒಂದು ಸಂಗತಿ ಮಾತ್ರ ಹೇಳುತ್ತೇನೆ, ಯಾಕೆಂದರೆ ಅತ್ತಿಗೆಯನ್ನು ಕೇಳಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು.

ಸ್ಟೋವಲ್‌ನ ಎಂಟುನೂರು ಎಕರೆಯನ್ನು ಪಾಲಿಗೆ ಮಾಡುತ್ತಿದ್ದ ಒಕ್ಕಲು ಮನೆಗಳು ಏಳು. ಸಹಾಯಧನದಲ್ಲಿ ಅವರಿಗೂ ಪಾಲುಂಟು ಎಂಬುದು ಕಾನೂನು. ಆದರೆ ಪಾಲನ್ನು ದಣಿಗೇ ಬಿಟ್ಟುಕೊಟ್ಟಿದ್ದೇವೆ ಎಂದು ಒಕ್ಕಲುಗಳು ಒಪ್ಪಿಗೆ ಹಾಕಿದರೆ ಪೂರ್ತಿ ಚೆಕ್ಕು ದಣಿಯ ಹೆಸರಿಗೆ ಹೋಗುತ್ತಿತ್ತು. ಫೆಬ್ರವರಿಯ ಸಭೆಯಲ್ಲಿ ಆ ಒಪ್ಪಿಗೆಯ ಕಾಗದ ಅತ್ತಿಗೆಯ ಮುಂದೆ ಬಂತು. ಏಳು ಹೆಸರು, ಏಳರ ಮುಂದೆಯೂ ಬರೆಯಲು ಬಾರದವರು ಸಹಿಯ ಬದಲು ಹಾಕುವ ಒಂದೊಂದು ಕತ್ತರಿ ಗುರುತು. ಅವಳು ಅದನ್ನು ಬೆಳಕಿಗೆ ಹಿಡಿದಳು. ಆಮೇಲೆ ಮೇಜಿನ ಆಚೆ ಕೂತಿದ್ದ ಸ್ಟೋವಲ್‌ನನ್ನು ನೋಡಿದಳು. ಅವತ್ತು ಅವಳು ಆಡಿದ ಮಾತನ್ನು ಪೀವಿಯ ಗುಮಾಸ್ತೆಯೇ ಊರೆಲ್ಲ ಹೇಳಿಕೊಂಡು ಬಂದಳು.

"ಮಿಸ್ಟರ್ ಸ್ಟೋವಲ್, ಏಳು ಜನದ ಕತ್ತರಿನೂ ಒಂದೇ ಕೈ ಹಾಕೈತೆ. ಅದು ಹೋಗ್ಲಿ. ಕ್ಲಿಯೋರಾ ಪಟಾನ್‌ಗೆ ತನ್ನ ಹೆಸರು ಬರಿಯಾಕೆ ಬರುತ್ತೆ. ಚರ್ಚಿನಾಗೆ ಹನ್ನೊಂದು ವರ್ಷದಿಂದ ಹಾಜರಿ ಬರಿಯೋಳೇ ಅವಳು. ಅವಳು ಯಾಕೆ ಕತ್ತರಿ ಹಾಕ್ತಾಳೆ?"

ಸ್ಟೋವಲ್ ಕಾಗದದಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ, ವಾಪಸು ಕೊಡಿ, ಬೇರೆ ಬರೆಸಿ ತರುತ್ತೇನೆ ಎಂದು ಕೈಚಾಚಿದ. ಅತ್ತಿಗೆ ಕೊಡಲಿಲ್ಲ. ಅದನ್ನು ಪೀವಿಯ ಕೈಗಿಟ್ಟು, ಏಳು ಮನೆಗೂ ಹೋಗಿ ಕೇಳಿಬನ್ನಿ, ನಾನು ಇಲ್ಲೇ ಕಾಯುತ್ತೇನೆ ಎಂದಳು. ಪೀವಿ ಹೋದ. ಏಳರಲ್ಲಿ ಒಬ್ಬರೂ ಪಾಲು ಬಿಟ್ಟುಕೊಟ್ಟಿರಲಿಲ್ಲ. ಅಂಥ ಪಾಲೊಂದಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಏಳು ಲಕೋಟೆ ಬಂದವು. ಕ್ಲಿಯೋರಾ ತನ್ನದನ್ನು ಒಡೆಯದೆ ನಮ್ಮ ಮನೆಗೆ ತಂದಳು. ಅವಳಿಗೆ ಐವತ್ತೊಂಬತ್ತು ವರ್ಷ, ಒಂಬತ್ತನೆಯ ವಯಸ್ಸಿನಿಂದ ಸ್ಟೋವಲ್‌ರ ಹತ್ತಿ ಬಿಡಿಸಿದವಳು. ಲಕೋಟೆಯ ಕಿಟಕಿಯಲ್ಲಿ ಅವಳ ಪೂರ್ತಿ ಹೆಸರು ಅಚ್ಚಾಗಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಕಾಫಿ ಕುಡಿದಳು. ಒಡೆಯೋಣವೇ ಎಂದು ಅತ್ತಿಗೆ ಕೇಳಿದರೆ, ಇರಲಿ ತಾಳು, ಇನ್ನೊಂದೀಟು ನೋಡ್ತೀನಿ ಎಂದಳು. ಒಂದು ವಾರ ಗೋಡೆಗೂಡಿನಲ್ಲಿಟ್ಟು ನೋಡಿದಳು. ಕೊನೆಗೆ ಅತ್ತಿಗೆಯೇ ಹೋಗಿ, ಚೆಕ್ಕನ್ನು ಇಲಿ ತಿಂದರೆ ಸರ್ಕಾರ ಇಲಿಯ ಹೆಸರಿಗೆ ಇನ್ನೊಂದು ಬರೆದುಕೊಡುವುದಿಲ್ಲ ಎಂದು ಹೇಳಿ ಎಬ್ಬಿಸಿಕೊಂಡು ಬಂದಳು.

ನಾವು ಮೂವರೂ ಪೇಟೆಗೆ ಹೋದೆವು. ಬ್ಯಾಂಕಿನಲ್ಲಿ ಅವಳು ತನ್ನ ಹೆಸರನ್ನು ನಿಧಾನವಾಗಿ, ಒಂದು ಅಕ್ಷರವೂ ಬಿಡದೆ ಬರೆದಳು. ಹೊರಗೆ ಬಂದು ಚಪ್ಪಲಿ ಅಂಗಡಿಯ ಮುಂದೆ ನಿಂತಳು. ಅಲ್ಲಿ ನಮ್ಮವರು ಬೂಟು ಹಾಕಿ ನೋಡುವಂತಿರಲಿಲ್ಲ. ಕಾಲಿನ ಅಳತೆಯನ್ನು ಕಾಗದದ ಮೇಲೆ ಗೀರಿ ತಂದು ಕೊಡಬೇಕಿತ್ತು. ಕಾನೂನು ಬದಲಾಗಿ ಮೂರು ವರ್ಷವಾಗಿದ್ದರೂ ಕ್ಲಿಯೋರಾ ಆ ಹೊಸಿಲು ದಾಟಿರಲಿಲ್ಲ. ಅತ್ತಿಗೆ ಬಾಗಿಲು ತೆಗೆದು ಹಿಡಿದಳು. ಕ್ಲಿಯೋರಾ ಒಳಗೆ ಹೋಗಿ, ನಡುವಿನ ಕುರ್ಚಿಯಲ್ಲಿ ಕೂತು, ಬಲಗಾಲು ಮುಂದೆ ಚಾಚಿದಳು. ಅಂಗಡಿಯವನು ಒಂದು ಕ್ಷಣ ತಡೆದು, ಮಂಡಿಯೂರಿ ಕೂತ. ಅವಳು ನಾಲ್ಕು ಜೊತೆ ತರಿಸಿದಳು. ಒಂದೊಂದನ್ನೂ ಹಾಕಿಕೊಂಡು ಅಂಗಡಿಯ ಉದ್ದಕ್ಕೂ ಹೋಗಿಬಂದಳು. ಕನ್ನಡಿಯ ಮುಂದೆ ನಿಂತು ಹಿಮ್ಮಡಿ ಎತ್ತಿ ನೋಡಿಕೊಂಡಳು. ನಾಲ್ಕೂ ನೋಡಿ, ಮೊದಲನೆಯದನ್ನೇ ಕೊಂಡಳು.